ಕೋಠಿಯ ರೆಸಿಡೆನ್ಸಿ ಸೌಧ

ಹೈದರಾಬಾದಿನ ಕೋಠಿಯಲ್ಲಿ, ಮೂಸಿ ನದಿಯ ಉತ್ತರಕ್ಕೆ, ಬ್ರಿಟಿಷ್ ರೆಸಿಡೆಂಟರ ಭವ್ಯ ನಿವಾಸವಾಗಿದ್ದ ಸೌಧವೊಂದಿದೆ. 1798ರಿಂದ 1805ರವರೆಗೆ ರೆಸಿಡೆಂಟನಾಗಿದ್ದ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ ಇದನ್ನು ನಿಜಾಮನ ಹಣದಿಂದಲೇ ಕಟ್ಟಿಸಲು ತೊಡಗಿದನು. ವಿನ್ಯಾಸ ಸ್ಯಾಮ್ಯುಯೆಲ್ ರಸೆಲ್‌ನದು. ನಿಜಾಮನ ರಾಜಧಾನಿಯಲ್ಲಿ ಕಂಪನಿಯ ಪ್ರಾಬಲ್ಯಕ್ಕೆ ಇದು ಕುರುಹಾಯಿತು. ಬೀದರ, ಕಲಬುರ್ಗಿ, ರಾಯಚೂರು ಪ್ರದೇಶಗಳ ಕನ್ನಡಿಗರ ಬದುಕಿಗೂ ಇಲ್ಲಿನ ನಿರ್ಧಾರಗಳು ತಟ್ಟುತ್ತಿದ್ದವು.

ಕರ್ಕ್‌ಪ್ಯಾಟ್ರಿಕ್‌ನ ಪತ್ನಿ ಖೈರುನ್ನೀಸಾ ಪರದೆಯ ಪದ್ಧತಿಯಂತೆ ರಂಗಮಹಲಿನಲ್ಲಿ ವಾಸಿಸುತ್ತಿದ್ದಳು. ಆಕೆ ನೋಡಲೆಂದೇ ಸೌಧದ ಕಿರುಪ್ರತಿಕೃತಿಯನ್ನು ನಿರ್ಮಿಸಲಾಯಿತೆಂಬ ಪ್ರತೀತಿಯಿದೆ. 1857ರ ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನರ ನೇತೃತ್ವದಲ್ಲಿ ರೆಸಿಡೆನ್ಸಿಯ ಮೇಲೆ ದಾಳಿ ನಡೆಯಿತು. 1949ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು ಇಲ್ಲಿಗೆ ಬಂದಿತು. 2022ರಲ್ಲಿ ಅದು ಮಹಿಳಾ ವಿಶ್ವವಿದ್ಯಾಲಯವಾಯಿತು. ಒಡತಿಯೇ ಪ್ರತಿಕೃತಿಯಲ್ಲಿ ಕಂಡಳೆನ್ನುವ ಸೌಧವು ತಲೆಮಾರುಗಳ ವಿದ್ಯಾರ್ಥಿನಿಯರ ವಿದ್ಯಾಮಂದಿರವಾದುದು ಗಮನಾರ್ಹ.