ಕಾಡಿನ ಹಣ್ಣಿನ ಮೇಲೆ ಕಳೆನಾಶಕ

ಹೊಲದ ಬದುವಿಗೆ ಯಾರೋ ಕಳೆನಾಶಕ ಹೊಡೆದಿದ್ದಾರೆಂದು ತಿಳಿದ ಮೇಲೆ ಅಲ್ಲಿಂದ ಬೆರಕೆಸೊಪ್ಪು ಕೊಯ್ದು ತಂದು ಸಾರು ಮಾಡುವಿರಾ? ಖಂಡಿತ ಇಲ್ಲ. ಕೆನಡಾದ ಮೂಲನಿವಾಸಿಗಳನ್ನು ಕಾಡುತ್ತಿರುವ ಚಿಂತೆಯೂ ಇಂಥದೇ. ಆದರೆ ಅಲ್ಲಿ ಸಿಂಪಡಿಸುವುದು ಕಾಡಿಗೆ, ಅದೂ ಹೆಲಿಕಾಪ್ಟರ್‌ನಿಂದ!

ಕಾಡಿಗೇಕೆ ಕಳೆನಾಶಕ?

ಮರ ಕಡಿದ ಜಾಗದಲ್ಲಿ ಅಲ್ಲಿನ ಕಂಪನಿಗಳು ಹಲಗೆ, ಕಾಗದಗಳಿಗೆ ಬೇಕಾದ ಸ್ಪ್ರೂಸ್, ಪೈನ್ ಸಸಿಗಳನ್ನು ಬೆಳೆಸುತ್ತವೆ. ಆಸ್ಪೆನ್, ಬರ್ಚ್, ರಾಸ್ಪ್‌ಬೆರಿಯಂಥ ಅಗಲ ಎಲೆಯ ಗಿಡಗಳು ಬೇಗ ಬೆಳೆದು ಇವಕ್ಕೆ ನೆರಳು ಕವಿಸುತ್ತವೆ. ಅವುಗಳನ್ನು ಕೊಲ್ಲಲು ಗ್ಲೈಫೊಸೇಟ್ ಬಳಸುತ್ತಾರೆ. ಸಸಿಗಳ ಚಿಗುರು ಬಲಿತ ಮೇಲೆ, ಬೇಸಿಗೆಯ ಕೊನೆಯಲ್ಲಿ ಸಿಂಪಡಣೆ ನಡೆಯುತ್ತದೆ. ಕಾಡುಹಣ್ಣು ಕೊಯ್ಯುವ ಕಾಲವೂ ಅದೇ.

ಅಪಾಯವೆಷ್ಟು?

ಗ್ಲೈಫೊಸೇಟ್ ಸಸ್ಯಗಳಲ್ಲಿ ಕೆಲವು ಅಮೈನೋ ಆಮ್ಲಗಳು ತಯಾರಾಗದಂತೆ ತಡೆಯುತ್ತದೆ. ಈ ಕ್ರಿಯೆ ಮನುಷ್ಯರ ದೇಹದಲ್ಲಿಲ್ಲ. ಹಾಗೆಂದು ನಿಶ್ಚಿಂತೆಯಿಂದಿರುವಂತಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಇದನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂದು ವರ್ಗೀಕರಿಸಿತು. 2017ರಲ್ಲಿ ಕೆನಡಾದ ಆರೋಗ್ಯ ಇಲಾಖೆಯು ಸೂಚನೆಯಂತೆ ಬಳಸಿದರೆ ಆತಂಕವಿಲ್ಲ ಎಂದಿತು. ಮೊದಲನೆಯದು ವಸ್ತುವಿನ ಗುಣವನ್ನು ನೋಡಿತು. ಎರಡನೆಯದು ದೇಹ ಸೇರುವ ಪ್ರಮಾಣವನ್ನು ಲೆಕ್ಕ ಹಾಕಿತು.

ಆದರೆ ಬ್ರಿಟಿಷ್ ಕೊಲಂಬಿಯಾದ ಕಾಡುಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಸಿಂಪಡಿಸಿ ವರ್ಷ ಕಳೆದ ಮೇಲೂ ಬದುಕುಳಿದ ಗಿಡಗಳಲ್ಲಿ ಇದರ ಅಂಶ ಸಿಕ್ಕಿದೆ. ಕೆಲವು ಗಿಡಗಳಲ್ಲಿ ಹತ್ತು ವರ್ಷಗಳ ನಂತರವೂ ಇತ್ತು!

ಊಟವೇ ತಪ್ಪಿದರೆ?

ವೈದ್ಯನಾಗಿ ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಈ ಜನರಿಗೆ ಕಾಡೇ ಅಡುಗೆಮನೆ, ಕಾಡೇ ಔಷಧಾಲಯ. ಅವರು ಬೇಟೆಯಾಡುವ ಮೂಸ್ ಎಂಬ ದೊಡ್ಡ ಜಿಂಕೆಯ ಮೇವು ಸಹ ಆ ಅಗಲ ಎಲೆಯ ಗಿಡಗಳೇ. ವಿಷವು ದೇಹ ಸೇರದಿದ್ದರೂ, ಅದರ ಭಯಕ್ಕೆ ಹಣ್ಣು, ಬೇರು, ಮಾಂಸಗಳನ್ನು ಬಿಟ್ಟರೆ ಅಂಗಡಿಯ ಹಿಟ್ಟು, ಸಕ್ಕರೆಯೇ ಗತಿ. ಈ ಸಮುದಾಯಗಳಲ್ಲಿ ಸಕ್ಕರೆ ಕಾಯಿಲೆ ಈಗಾಗಲೇ ಇತರರಿಗಿಂತ ಹೆಚ್ಚು. ಅದಕ್ಕೆ ಕಾರಣಗಳು ಹಲವಿದ್ದರೂ ಊಟದ ಬದಲಾವಣೆ ಅವುಗಳಲ್ಲೊಂದು. ಪ್ರಯೋಗಾಲಯದ ಅಳತೆಯಲ್ಲಿ ಈ ನಷ್ಟ ಕಾಣುವುದಿಲ್ಲ.

ಇದನ್ನು ಮನಗಂಡು 2014ರಲ್ಲಿ ಒಂಟಾರಿಯೊದ ಹ್ಯೂರನ್ ಸರೋವರದ ಉತ್ತರ ದಂಡೆಯ ಮೂಲನಿವಾಸಿ ಹಿರಿಯರು ಸಿಂಪಡಣೆ ನಿಲ್ಲಿಸಲು ಸಂಘಟಿತರಾದರು. ಪಕ್ಕದ ಕ್ವಿಬೆಕ್ ಪ್ರಾಂತ್ಯ ತನ್ನ ಸರ್ಕಾರಿ ಕಾಡುಗಳಲ್ಲಿ 2001ರಲ್ಲೇ ಇದನ್ನು ನಿಲ್ಲಿಸಿ, ಕಳೆಗಿಡಗಳನ್ನು ಯಂತ್ರದಿಂದ ಕಡಿಸುತ್ತಿದೆ. ಅಂದರೆ ಬೇರೆ ದಾರಿ ಇದ್ದೇ ಇದೆ.

ನಮ್ಮ ಮನೆಗಳಲ್ಲಿ

ಗ್ಲೈಫೊಸೇಟ್ ನಮ್ಮ ಹೊಲ, ತೋಟಗಳಿಗೂ ಹೊಸದಲ್ಲ. ಕಳೆನಾಶಕ ಹೊಡೆದ ಜಾಗದ ಸೊಪ್ಪು, ಹಣ್ಣು ಕೊಯ್ಯಬೇಡಿ. ಡಬ್ಬವನ್ನು ಮಕ್ಕಳ ಕೈಗೆ ಸಿಗದಂತಿಡಿ. ಔಷಧವನ್ನು ನೀರಿನ ಬಾಟಲಿಗೆ ಎಂದೂ ಸುರಿದಿಡಬೇಡಿ. ಯಾರಾದರೂ ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸದೆ, ಡಬ್ಬದ ಸಮೇತ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಒಬ್ಬರಿಗೆ ಕಳೆಯಾದದ್ದು ಇನ್ನೊಬ್ಬರಿಗೆ ಊಟ. ಸಿಂಪಡಿಸುವ ಮೊದಲು ಆ ಊಟ ಮಾಡುವವರನ್ನು ಕೇಳುವುದೂ ಆರೋಗ್ಯ ರಕ್ಷಣೆಯೇ.