ನಂದಿಬೆಟ್ಟದ ತೋಟಕ್ಕೆ ಎಲ್ಲರೂ ಸೇರಿ ಹೋಗುವುದು ಹೇಗೆ?



ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಪ್ರವಾಸಕ್ಕೆ ಹೊರಡುವಾಗ ಅದನ್ನು ಮರೆತುಬಿಡುತ್ತೇವೆ. ನಮ್ಮ ಸೀಮೆಯಲ್ಲಿ ಕಡಲೆಕಾಯಿ ಕಿತ್ತು, ಬಿಡಿಸಿ, ಮಾರಿ ಕೈ ಬಿಡುವಾದ ಮೇಲೆ ನಾಲ್ಕು ಮನೆಯವರು ಸೇರಿ ಬಸ್ಸು ಗೊತ್ತುಮಾಡಿ ಎಲ್ಲಿಗಾದರೂ ಹೋಗಿಬರುವುದುಂಟು. ಆಗ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಅಜ್ಜಿಗೆ ಮಂಡಿ ನೋವು, ಆಕೆ ಮನೆಯಲ್ಲೇ ಇರಲಿ." ಚಿಕ್ಕಂದಿನಲ್ಲಿ ಪೋಲಿಯೋ ಬಂದು ಕಾಲು ಸೊರಗಿದವರು ಬಂದರೂ ಬೆಟ್ಟದ ಕೆಳಗೆ ಬಸ್ಸಿನಲ್ಲೇ ಕುಳಿತಿರುತ್ತಾರೆ. ಮುಂದಾಲೋಚನೆ ಇದ್ದರೆ ಇವರೂ ಬೆಟ್ಟದ ತೋಟವನ್ನು ಕಣ್ತುಂಬ ನೋಡಬಹುದು. ಅದು ಹೇಗೆಂದು ಈ ಸಲ ವಿಚಾರ ಮಾಡೋಣ.

ನಂದಿಬೆಟ್ಟವೇ ಏಕೆ?

ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಜಿಲ್ಲೆ ಬೇರೆಯಾದರೂ ಎರಡೂ ಕಡೆ ಬಿಸಿಲು ಒಂದೇ, ಬೋಳು ಗುಡ್ಡಗಳೂ ಒಂದೇ. ಮರಗಳ ನೆರಳಲ್ಲಿ ಬೆಳೆದ ಬೆಟ್ಟದ ತೋಟ ನೋಡಬೇಕಾದರೆ ನಮಗೆ ಅನುಕೂಲವಾದದ್ದು ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟ. ಅದರ ಎತ್ತರ 1478 ಮೀಟರ್. ಟಿಪ್ಪು ಸುಲ್ತಾನನ ಕಾಲದ ಬೇಸಿಗೆ ಮನೆ, ಕಮಿಷನರ್ ಮಾರ್ಕ್ ಕಬ್ಬನ್ ಅವರ ಹೆಸರಿನ ಬಂಗಲೆ, ಅಮೃತ ಸರೋವರ, ತೋಟಗಾರಿಕೆ ಇಲಾಖೆಯವರು ಬೆಳೆಸಿದ ಗಿಡಮರಗಳು ಅಲ್ಲಿವೆ. ನಮ್ಮ ಪೆನ್ನಾ ನದಿ, ಅಂದರೆ ಉತ್ತರ ಪಿನಾಕಿನಿ, ಹುಟ್ಟುವುದೂ ಆ ಬೆಟ್ಟಸಾಲಿನಲ್ಲೇ. ಎಲ್ಲಕ್ಕಿಂತ ಮುಖ್ಯವಾಗಿ, ಡಾಂಬರು ರಸ್ತೆ ಬೆಟ್ಟದ ಮೇಲಿನವರೆಗೂ ಹೋಗುತ್ತದೆ. ಹಳೆಯ ಮೆಟ್ಟಿಲ ದಾರಿಯೂ ಇದೆ. ಅದು ಗಟ್ಟಿ ಕಾಲಿನ ಯುವಕರಿಗೆ ಮಾತ್ರ.

ನಮ್ಮವರ ಮಂಡಿ, ಬೆನ್ನು

ನಮ್ಮ ಅನೇಕ ಹಳ್ಳಿಗಳ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ನಿಯಮವಿದೆ. ಅದಕ್ಕೂ ಬಹಳ ಹೆಚ್ಚಿದ್ದ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಮೂಳೆ ಗಡುಸಾಗಿ ಬೆನ್ನು, ಕತ್ತು, ಮಂಡಿ ಬಗ್ಗದಂತಾಗುತ್ತವೆ. ಅಂಥವರು ಸೋಮಾರಿಗಳಲ್ಲ, ವಯಸ್ಸಾಯಿತೆಂದು ಸುಮ್ಮನೆ ಬಿಡಬೇಕಾದವರೂ ಅಲ್ಲ. ಮಂಡಿ ನೋವಿನವರಿಗೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ಹೆಚ್ಚು ಕಷ್ಟ ಎಂಬುದನ್ನು ನೆನಪಿಡಬೇಕು. "ಹೇಗೋ ಹತ್ತಿದಿರಲ್ಲ, ಇಳಿಯುವುದು ಸುಲಭ" ಎಂದು ಅವಸರಪಡಿಸಬಾರದು.

ಮೊದಲು ಇಬ್ಬರು ನೋಡಿ ಬರಲಿ

ಹದಿನೈದು ದಿನ ಮುಂಚೆ ಇಬ್ಬರು ಹೋಗಿ ಸ್ಥಳ ನೋಡಿ ಬಂದರೆ ಅರ್ಧ ಕೆಲಸ ಮುಗಿದಂತೆ. ಅವರು ಈ ವಿಷಯಗಳನ್ನು ಬರೆದುಕೊಂಡು ಬರಲಿ:

1. ನಮ್ಮ ವಾಹನ ಎಲ್ಲಿಯವರೆಗೆ ಹೋಗುತ್ತದೆ? ನಡೆಯಲಾಗದವರನ್ನು ಇನ್ನೂ ಮುಂದೆ ಇಳಿಸಲು ಅನುಮತಿ ಸಿಗುತ್ತದೆಯೇ? ಇದನ್ನು ಕಚೇರಿಯಲ್ಲೇ ಕೇಳಬೇಕು.

2. ಅಲ್ಲಿಂದ ತೋಟಕ್ಕೆ ಎಷ್ಟು ಹೆಜ್ಜೆ? ಎಲ್ಲೆಲ್ಲಿ ಮೆಟ್ಟಿಲು? ಕೂರಲು ಕಲ್ಲುಬೆಂಚು ಎಲ್ಲಿ?

3. ಶೌಚಾಲಯ ಎಲ್ಲಿದೆ, ಅದಕ್ಕೆ ಮೆಟ್ಟಿಲು ಎಷ್ಟು, ಕುಕ್ಕರುಗಾಲಲ್ಲಿ ಕೂರಲಾಗದವರಿಗೆ ಅನುಕೂಲವಿದೆಯೇ?

4. ಯಾವ ದಿನ, ಎಷ್ಟು ಗಂಟೆಗೆ ಪ್ರವೇಶ?

ಗಾಲಿಕುರ್ಚಿಗೆ ಒಂದು ಲೆಕ್ಕವಿದೆ. ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿಗಿಂತ ಹೆಚ್ಚು ಏರುವ ದಾರಿ ಅದಕ್ಕೆ ಕಡಿದಾಯಿತು. ಬದು ಕಟ್ಟಲು ಮಟ್ಟ ನೋಡುವ ನಮ್ಮ ರೈತರಿಗೆ ಈ ಅಳತೆ ಕಷ್ಟವಲ್ಲ. ಕಡಿದಾದ ಕಡೆ ಇಬ್ಬರು ಬೇಕು. ಇಳಿಯುವಾಗ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ ನಿಧಾನವಾಗಿ ಇಳಿಸಬೇಕು, ಇಲ್ಲವಾದರೆ ಕುಳಿತವರು ಮುಗ್ಗರಿಸಿ ಬೀಳುತ್ತಾರೆ. ಸಹಾಯ ಮಾಡುವವರು "ಎತ್ತಲೇ?" ಎಂದು ಮೊದಲು ಕೇಳಲಿ. ಕೇಳದೆ ತೋಳಿಗೆ ಕೈ ಹಾಕಿದರೆ ಊರುಗೋಲಿನವರ ಸಮತೋಲ ತಪ್ಪುತ್ತದೆ.

ಯಾವ ಕಾಲ, ಯಾವ ದಿನ?

ಮಳೆಗಾಲ ಬೇಡ. 2021ರ ಆಗಸ್ಟಿನಲ್ಲಿ ಭಾರಿ ಮಳೆಗೆ ಗುಡ್ಡ ಕುಸಿದು ನಂದಿಬೆಟ್ಟದ ರಸ್ತೆಯೇ ಹಾಳಾಗಿ, ಕೆಲವು ತಿಂಗಳು ಪ್ರವಾಸಿಗರಿಗೆ ಪ್ರವೇಶವಿರಲಿಲ್ಲ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಸಿಡಿಲಿನ ಭಯ. ಕಡಲೆಕಾಯಿ ಕೆಲಸ ಮುಗಿದ ಮೇಲೆ, ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಭಾನುವಾರ ಮತ್ತು ರಜಾದಿನಗಳಲ್ಲಿ ಬೆಂಗಳೂರಿನ ಜನ ಸಾಲುಗಟ್ಟುತ್ತಾರೆ. ಆ ನೂಕುನುಗ್ಗಲಲ್ಲಿ ಕೋಲೂರಿ ನಡೆಯುವವರಿಗೆ ಜಾಗವಿರುವುದಿಲ್ಲ. ವಾರದ ನಡುವಿನ ದಿನವೇ ಲೇಸು.

ಸೂರ್ಯೋದಯ ನೋಡುವ ಆಸೆಗೆ ಕತ್ತಲಲ್ಲಿ ಹೊರಡುವುದನ್ನು ವೃದ್ಧರಿದ್ದಾಗ ಬಿಡಬೇಕು. ಮಂಜಿನಲ್ಲಿ ಕಲ್ಲು ಒದ್ದೆಯಾಗಿ ಜಾರುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಉಷ್ಣತೆ ಇಳಿಯುತ್ತದೆ. ಮಡಕಶಿರಾ ಸುಮಾರು 680 ಮೀಟರ್ ಎತ್ತರದಲ್ಲಿರುವುದರಿಂದ ನಂದಿಬೆಟ್ಟದಲ್ಲಿ ನಮಗಿಂತ ಐದು ಡಿಗ್ರಿಯಷ್ಟು ಹೆಚ್ಚು ತಂಪು. ಗಾಳಿ ಬೀಸಿದರೆ ಇನ್ನೂ ಚಳಿ. ಉಬ್ಬಸ ಇರುವವರು ಕಿವಿ, ಎದೆ ಮುಚ್ಚುವಂತೆ ಬಟ್ಟೆ ಧರಿಸಿ, ಬಿಸಿಲೇರಿದ ಮೇಲೆ ಹತ್ತುವುದು ಕ್ಷೇಮ.

ದಾರಿ ಮತ್ತು ಊಟ

ಮಡಕಶಿರಾದವರು ಹಿಂದೂಪುರ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಮೇಲೆ ಹೋಗಬಹುದು. ರಾಯದುರ್ಗದಿಂದ ದಾರಿ ಬಹಳ ದೂರ. ಒಂದೇ ದಿನದಲ್ಲಿ ಹೋಗಿ ಬರುವುದು ಮುದುಕರಿಗೂ ರೋಗಿಗಳಿಗೂ ಶಿಕ್ಷೆಯಾಗುತ್ತದೆ. ಹಿಂದೂಪುರದಲ್ಲೋ ಚಿಕ್ಕಬಳ್ಳಾಪುರದಲ್ಲೋ ರಾತ್ರಿ ತಂಗುವುದು ಮೇಲು. ಎರಡು ಗಂಟೆಗೊಮ್ಮೆ ಬಸ್ಸು ನಿಲ್ಲಿಸಿ ಎಲ್ಲರೂ ಇಳಿದು ಕೈಕಾಲು ಆಡಿಸಲಿ. ಘಾಟಿಯ ತಿರುವುಗಳಲ್ಲಿ ವಾಂತಿ ಬರುವವರು ಮುಂದಿನ ಸೀಟಿನಲ್ಲಿ ಕುಳಿತು ದೂರ ನೋಡುತ್ತಿರಲಿ, ಹೊಟ್ಟೆ ತುಂಬ ತಿನ್ನದಿರಲಿ. ಸಕ್ಕರೆ ಕಾಯಿಲೆಯವರು ಊಟದ ಹೊತ್ತು ಮೀರಿಸಬಾರದು. ಜೇಬಿನಲ್ಲಿ ಒಂದು ತುಂಡು ಬೆಲ್ಲ ಇರಲಿ. ಮಾತ್ರೆಗಳು ಚೀಲದಲ್ಲಿ ಬಸ್ಸಿನಲ್ಲೇ ಉಳಿಯದೆ ಅವರವರ ಬಳಿ ಇರಬೇಕು. ಮನೆಯ ಮೆಟ್ಟಿಲು ಹತ್ತಿದರೇ ಎದೆ ಹಿಡಿಯುವವರು ಮೊದಲು ವೈದ್ಯರನ್ನು ಕೇಳಿಯೇ ಹೊರಡಬೇಕು.

ತೋಟದೊಳಗಿನ ಎಚ್ಚರ

ಕೋತಿಗಳು: ಕೈಯಲ್ಲಿ ತಿಂಡಿ, ಪ್ಲಾಸ್ಟಿಕ್ ಚೀಲ ಕಂಡರೆ ಎರಗುತ್ತವೆ. ಊರುಗೋಲಿನವರು ಬೆದರಿ ಬೀಳುವುದು ಇಲ್ಲೇ. ಬುತ್ತಿಯನ್ನು ಒಳಗೆ ಒಯ್ಯದಿರುವುದೇ ಉಪಾಯ. ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು.

ಹೆಜ್ಜೇನು: ಬಂಡೆಗಳಲ್ಲಿ, ಎತ್ತರದ ಮರಗಳಲ್ಲಿ ಗೂಡಿರುತ್ತದೆ. ಬೆಂಕಿ, ಹೊಗೆ, ಕಲ್ಲೆಸೆತ ಕೂಡದು. ಎದ್ದರೆ ಮುಖ ಮುಚ್ಚಿಕೊಂಡು ವಾಹನ ಅಥವಾ ಕಟ್ಟಡದೊಳಗೆ ಸೇರಬೇಕು. ಓಡಲಾಗದವರನ್ನು ಕಂಬಳಿಯಿಂದ ಪೂರ್ತಿ ಹೊದಿಸಬೇಕು. ಆದ್ದರಿಂದ ಅವರ ಜೊತೆ ಸದಾ ಒಂದು ಕಂಬಳಿ ಇರಲಿ.

ಮರಗಳು: ಗಾಳಿ ಬೀಸುವಾಗ ನೀಲಗಿರಿಯಂಥ ಎತ್ತರದ ಮರದ ಕೆಳಗೆ ಕೂರಬಾರದು, ಕೊಂಬೆ ಮುರಿದು ಬೀಳುತ್ತದೆ. ಗುಡುಗಿದರೆ ಮರದಡಿ ನಿಲ್ಲದೆ ಕಟ್ಟಡ ಸೇರಬೇಕು.

ಅಂಚು: ಟಿಪ್ಪು ಡ್ರಾಪ್ ಮುಂತಾದ ಕಡೆ ಕಂಬಿ ದಾಟಬಾರದು. 2022ರ ಫೆಬ್ರವರಿಯಲ್ಲಿ ಬೆಟ್ಟ ಹತ್ತಲು ಬಂದ ಯುವಕನೊಬ್ಬ ಜಾರಿ ಕಣಿವೆಗೆ ಬಿದ್ದು, ವಾಯುಪಡೆಯ ಹೆಲಿಕಾಪ್ಟರೇ ಬಂದು ಅವನನ್ನು ಎತ್ತಬೇಕಾಯಿತು. ಯುವಕರಿಗೆ ಬೆಟ್ಟ ಸುರಕ್ಷಿತ, ವೃದ್ಧರಿಗೆ ಮಾತ್ರ ಅಪಾಯ ಎಂದು ತಿಳಿಯಬಾರದು.

ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಕೈಕಾಲು ಅಲ್ಲಾಡಿಸದೆ ಹೊತ್ತು ಆಸ್ಪತ್ರೆಗೆ ಒಯ್ಯಬೇಕು. 108 ಸಂಖ್ಯೆ ಆಂಧ್ರದಲ್ಲೂ ಕರ್ನಾಟಕದಲ್ಲೂ ಒಂದೇ. ಹತ್ತಿರದ ಜಿಲ್ಲಾ ಆಸ್ಪತ್ರೆ ಚಿಕ್ಕಬಳ್ಳಾಪುರದಲ್ಲಿದೆ.

ಕುಳಿತು ನೋಡುವುದೂ ನೋಟವೇ

ಬೆಟ್ಟದ ಎಲ್ಲ ಮೂಲೆಗಳನ್ನೂ ನೋಡಲೇಬೇಕೆಂಬ ಹಠ ಬೇಡ. ಒಂದು ನೆರಳಿನ ಜಾಗವನ್ನು ಎಲ್ಲರ ತಂಗುದಾಣ ಮಾಡಿ, ನಡೆಯಬಲ್ಲವರು ಸರದಿಯಲ್ಲಿ ಸುತ್ತಿಬರಲಿ; ನಡೆಯಲಾಗದವರ ಜೊತೆ ಯಾರಾದರೂ ಇದ್ದೇ ಇರಲಿ. ಅಲ್ಲಿ ಕುಳಿತವರು ಮರದಡಿಯ ತರಗೆಲೆಯನ್ನು ಸ್ವಲ್ಪ ಸರಿಸಿ ನೋಡಲಿ. ಕೆಳಗಿನ ಮಣ್ಣು ಕಪ್ಪಗೆ, ಮೆತ್ತಗೆ, ತಂಪಾಗಿರುತ್ತದೆ. ಎಲೆಯ ಹೊದಿಕೆ ಬಿಸಿಲನ್ನು ತಡೆದು ತೇವ ಉಳಿಸುವುದೇ ಇದಕ್ಕೆ ಕಾರಣ. ನಮ್ಮ ಹೊಲದ ಬದುವಿನಲ್ಲಿ ಹೊಂಗೆ, ಬೇವು ಬೆಳೆಸಿ, ಉದುರಿದ ಎಲೆಗೆ ಬೆಂಕಿ ಇಡದೆ ಗಿಡದ ಬುಡಕ್ಕೆ ಹಾಕಿದರೆ ಇದೇ ಪ್ರಯೋಜನ ನಮಗೂ ಸಿಗುತ್ತದೆ. ಇದನ್ನು ಮನೆಗೆ ಬಂದು ಹೇಳಲು ಹೊಲದಲ್ಲಿ ಜೀವ ತೇಯ್ದ ಅಜ್ಜ ಅಜ್ಜಿಯರಿಗಿಂತ ತಕ್ಕವರು ಯಾರು?

ಆದ್ದರಿಂದ ಈ ಸಲ ಪ್ರವಾಸದ ಪಟ್ಟಿ ಬರೆಯುವಾಗ, ನಡೆಯಲು ಅತಿ ಕಷ್ಟಪಡುವವರ ಹೆಸರನ್ನು ಮೊದಲು ಬರೆಯೋಣ. ದಿನ, ದಾರಿ, ಊಟ, ಸುತ್ತಾಟ ಎಲ್ಲವನ್ನೂ ಅವರ ಅಳತೆಗೆ ಹೊಂದಿಸೋಣ. ಅವರಿಗೆ ಸುರಕ್ಷಿತವಾದ ದಾರಿ ಮಕ್ಕಳಿಗೂ, ಬಸುರಿಯರಿಗೂ, ನಮಗೂ ಸುರಕ್ಷಿತವಾಗಿರುತ್ತದೆ.