ಬಾಯಿಹುಣ್ಣು ಮಾಯುತ್ತದೆ, ಸರಿದ ವಸಡು?

ಗಡಿಯಾಚೆ ಉಳಿದ ಕನ್ನಡಿಗರು ನಾವು ಕಾಸರಗೋಡಿನವರು ಮಾತ್ರವಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ಉಮದಿ, ಸಂಖ ಮೊದಲಾದ ಊರುಗಳಲ್ಲಿ ಮನೆಮಾತು ಕನ್ನಡ, ಸರಕಾರದ ಮಾತು ಮರಾಠಿ. ನಮ್ಮ 'ವಸಡು' ಅಲ್ಲಿ 'ಹಿರಡಿ', ಇಲ್ಲಿ 'ಮೋಣ'. ಮಗು ಬಾಯಿ ತೆರೆಯದೆ ಅಳುತ್ತಿರುವಾಗ ಈ ಒಂದು ಶಬ್ದಕ್ಕೆ ತಡವರಿಸುವ ತಾಯಂದಿರ ಪಾಡು ಎರಡು ಕಡೆಯೂ ಒಂದೇ.

ಹರ್ಪಿಸ್ ವೈರಸ್ ಮೊದಲ ಬಾರಿ ತಗಲುವುದು ಹೆಚ್ಚಾಗಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಿಗೆ. ಜ್ವರ ಬರುತ್ತದೆ, ವಸಡು ಕೆಂಪಾಗಿ ಊದಿ ರಕ್ತ ಒಸರುತ್ತದೆ, ನಾಲಗೆ ತುಟಿಗಳಲ್ಲಿ ಗುಳ್ಳೆ ಒಡೆದು ಹುಣ್ಣಾಗುತ್ತದೆ. ಎಂಜಲಿನಿಂದ ಹರಡುವ ರೋಗವಿದು. ಮಗುವಿನ ಲೋಟ, ಚಮಚ ಬೇರೆಯಾಗಿರಲಿ. ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ತಾನಾಗಿ ಮಾಯುತ್ತದೆ. ಆಂಟಿಬಯೋಟಿಕ್ ವೈರಸ್ಸಿಗೆ ನಾಟುವುದಿಲ್ಲ. ಏಸೈಕ್ಲೋವಿರ್ ಎಂಬ ಔಷಧಿಯನ್ನು ವೈದ್ಯರು ಮೊದಲ ಮೂರು ದಿನಗಳೊಳಗೆ ಕೊಟ್ಟರೆ ಹೆಚ್ಚು ಪ್ರಯೋಜನ. ಜ್ವರಕ್ಕೆಂದು ಮಕ್ಕಳಿಗೆ ಎಸ್ಪಿರಿನ್ ಕೊಡಲೇಬಾರದು.

ನಿಜವಾದ ಅಪಾಯ ಹುಣ್ಣಿಗಿಂತ ಬಾಯಾರಿಕೆಯದು. ಜತ್ತ ಮಳೆ ಕಡಿಮೆಯ ಸೀಮೆ. ಅಲ್ಲಿಯ ಬೇಸಗೆಯಲ್ಲಿ ನೋವಿಗೆ ಹೆದರಿ ನೀರು ಬಿಟ್ಟ ಮಗು ಬೇಗನೆ ಬಳಲುತ್ತದೆ. ಹುಳಿ ಮಜ್ಜಿಗೆ ಉರಿಸುತ್ತದೆ. ತಣಿದ ಹಾಲು, ತೆಳು ಗಂಜಿ, ನಮ್ಮ ಕಡೆಯ ಎಳನೀರು ಗುಟುಕು ಗುಟುಕಾಗಿ ಇಳಿಯುತ್ತವೆ.

ಜ್ವರ ಬಿಟ್ಟ ಮೇಲೆ ತಾಯಂದಿರಿಗೆ ಇನ್ನೊಂದು ಭಯ: ವಸಡು ಸವೆದು ಹಲ್ಲು ಉದ್ದವಾಯಿತೇ? ಬಹಳ ಸಲ ಇದು ಬಾವು ಇಳಿದುದರ ತೋರಿಕೆ. ನೋವಿನ ದಿನಗಳಲ್ಲಿ ಬಿಟ್ಟ ಹಲ್ಲುಜ್ಜುವಿಕೆಯನ್ನು ಮೆತ್ತಗಿನ ಬ್ರಷ್‌ನಿಂದ ಮತ್ತೆ ಆರಂಭಿಸಿದರೆ ವಸಡು ಬಿಗಿಯುತ್ತದೆ. ತಿಂಗಳು ಕಳೆದರೂ ಬೇರು ಕಾಣುತ್ತಿದ್ದರೆ ದಂತವೈದ್ಯರು ನೋಡಬೇಕು. ಹಾಗಾಗುವುದು ಅಪರೂಪ.

ದೊಡ್ಡವರ ಸಂಗತಿ ಬೇರೆ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಅನೇಕ ಹೆಂಗಸರು ವಸಡಿಗೆ ಉಜ್ಜುವ 'ಮಿಶ್ರಿ' ಸುಟ್ಟ ಹೊಗೆಸೊಪ್ಪಿನ ಪುಡಿ. ನಮ್ಮಲ್ಲಿ ವೀಳ್ಯದೊಳಗೆ ಹೊಗೆಸೊಪ್ಪು. (ಯಾವುದು ಮೇಲೆಂದು ಜಗಳಾಡುವ ಅಗತ್ಯವಿಲ್ಲ!) ಇವುಗಳಿಂದಲೋ ಕಿಟ್ಟದಿಂದಲೋ ಕೆಳಗೆ ಸರಿದ ವಸಡು ತಾನಾಗಿ ಮರಳಿ ಬೆಳೆಯುವುದಿಲ್ಲ. ಕಿಟ್ಟ ತೆಗೆಸಿದರೆ ಮುಂದೆ ಸರಿಯುವುದು ನಿಂತೀತು. ಬೇರು ಮುಚ್ಚಬೇಕಾದರೆ ಅಂಗುಳಿನ ಚರ್ಮ ತೆಗೆದು ಕಸಿ ಮಾಡುವ ಶಸ್ತ್ರಕ್ರಿಯೆಯೇ ಬೇಕಾದೀತು.

ವೈದ್ಯರಲ್ಲಿಗೆ ಹೋದಾಗ ವಸಡಿಗೆ ಶಬ್ದ ತೋಚದಿದ್ದರೆ ಬೆರಳಿಟ್ಟು ತೋರಿಸಿದರಾಯಿತು. ಜ್ವರ ಬಂದು ಎಷ್ಟು ದಿನ, ಮಗು ಕೊನೆಯ ಬಾರಿ ಮೂತ್ರ ಮಾಡಿದ್ದು ಯಾವಾಗ ಎಂಬೆರಡನ್ನು ಮಾತ್ರ ಅವರ ಭಾಷೆಯಲ್ಲಿ ಹೇಳಲು ಮನೆಯಲ್ಲೇ ಕಲಿತು ಹೊರಡಿ.